ಬರಹದಲ್ಲಿ ಸ್ವಂತ ದನಿ: ಅದು ಎಲ್ಲಿರುತ್ತದೆ, ಹೇಗೆ ಗಟ್ಟಿಯಾಗುತ್ತದೆ

ಲೇಖಕರ ಹೆಸರು ಮುಚ್ಚಿಟ್ಟು ಒಂದು ಪುಟ ಓದಿಸಿದರೂ ಇದು ಗೊರೂರರದು, ಇದು ಲಂಕೇಶರದು, ಇದು ತೇಜಸ್ವಿಯವರದು ಎಂದು ಕನ್ನಡದ ಓದುಗರು ಗುರುತು ಹಿಡಿಯುತ್ತಾರೆ. ಹೀಗೆ ಗುರುತು ಹಿಡಿಸುವ ಗುಣವನ್ನೇ ಬರಹದ ದನಿ ಎನ್ನುತ್ತೇವೆ. ಅಂಕಣ, ಲಲಿತ ಪ್ರಬಂಧ, ಪ್ರವಾಸ ಕಥನ, ನೆನಪಿನ ಬರಹ ಎಂದು ಇಂದು ಗದ್ಯ ಬರೆಯುವವರು ಬಹಳ ಮಂದಿ. ಮೊಬೈಲಿನಲ್ಲೇ ಕನ್ನಡ ಟೈಪು ಮಾಡಿ ಆ ಕ್ಷಣವೇ ನೂರಾರು ಜನರಿಗೆ ಓದಿಸುವ ಅನುಕೂಲವೂ ಇದೆ. ಬರೆಯುತ್ತ ಹೋದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೆಂದರೆ, ಈ ಬರಹ ನನ್ನದೇ ಎಂದು ಓದುಗರಿಗೆ ಅನ್ನಿಸಬೇಕಾದರೆ ಏನು ಮಾಡಬೇಕು ಎಂಬುದು. ಕನ್ನಡ ಗದ್ಯದ ಕೆಲವು ಉದಾಹರಣೆಗಳನ್ನು ಎದುರಿಗಿಟ್ಟುಕೊಂಡು ಅದಕ್ಕೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ದನಿಯ ಅಂಗಗಳು

ಹಲವು ಸಣ್ಣ ಆಯ್ಕೆಗಳು ಕೂಡಿ ದನಿ ರೂಪುಗೊಳ್ಳುತ್ತದೆ. ತಿಳಿದೋ ತಿಳಿಯದೆಯೋ ಪ್ರತಿ ವಾಕ್ಯದಲ್ಲೂ ಲೇಖಕರು ಈ ಆಯ್ಕೆಗಳನ್ನು ಮಾಡುತ್ತಲೇ ಇರುತ್ತಾರೆ.

ಮೊದಲನೆಯದು ನೋಟ. ಒಂದೇ ಮದುವೆಮನೆಗೆ ಹೋದ ಇಬ್ಬರಲ್ಲಿ ಒಬ್ಬರ ಕಣ್ಣು ಚಪ್ಪರದ ಮೇಲೆ ಬಿದ್ದರೆ ಇನ್ನೊಬ್ಬರ ಕಣ್ಣು ಹಿತ್ತಲಲ್ಲಿ ಪಾತ್ರೆ ತಿಕ್ಕುವವರ ಮೇಲೆ ಬೀಳುತ್ತದೆ. ಬರಹ ಬೇರೆಯಾಗುವುದು ಅಲ್ಲಿಂದಲೇ.

ಎರಡನೆಯದು ಪದ. ಮಳೆ ಬಂತು, ಮಳೆ ಹೊಯ್ಯಿತು, ಮಳೆ ಹಿಡಿಯಿತು, ವರ್ಷಧಾರೆಯಾಯಿತು: ನಾಲ್ಕರ ತಾತ್ಪರ್ಯವೂ ಹತ್ತಿರ ಹತ್ತಿರ, ಹೇಳುವವರು ಮಾತ್ರ ನಾಲ್ಕು ಜನ.

ಮೂರನೆಯದು ವಾಕ್ಯದ ನಡಿಗೆ. ಕೆಲವರು ನಾಲ್ಕೈದು ಪದಗಳಲ್ಲಿ ಮಾತು ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಇನ್ನು ಕೆಲವರು ಉಪಕಥೆಗಳನ್ನೂ ಅನುಮಾನಗಳನ್ನೂ ಸೇರಿಸಿಕೊಂಡು ಉದ್ದಕ್ಕೆ ಹೆಣೆಯುತ್ತಾರೆ.

ನಾಲ್ಕನೆಯದು ಓದುಗರೊಡನೆ ಇಟ್ಟುಕೊಳ್ಳುವ ಅಂತರ. ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳುವವರಿದ್ದಾರೆ, ತರಗತಿಯಲ್ಲಿ ನಿಂತು ಹೇಳುವವರಿದ್ದಾರೆ, ತಮ್ಮಷ್ಟಕ್ಕೆ ಯೋಚಿಸುತ್ತ ಓದುಗರಿಗೆ ಕೇಳಿಸಿಕೊಳ್ಳಲು ಬಿಡುವವರೂ ಇದ್ದಾರೆ.

ಐದನೆಯದು ಬಿಟ್ಟದ್ದು. ಯಾವುದನ್ನು ವಿವರಿಸಲಿಲ್ಲ, ಎಲ್ಲಿ ಕಣ್ಣೀರು ತರಿಸುವ ಅವಕಾಶವಿದ್ದೂ ತಡೆದರು, ಎಲ್ಲಿ ತೀರ್ಪು ಕೊಡದೆ ಮುಂದೆ ಸಾಗಿದರು ಎಂಬುದರಲ್ಲೂ ಲೇಖಕರ ಸ್ವಭಾವ ಕಾಣುತ್ತದೆ.

ಸಾವಿರ ವರ್ಷದ ಹುಡುಕಾಟ

ಯಾವ ಕನ್ನಡದಲ್ಲಿ ಬರೆಯಬೇಕು ಎಂಬ ಚಿಂತೆ ಕನ್ನಡಕ್ಕೆ ಹೊಸದಲ್ಲ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾಯಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಕನ್ನಡಗಳು ಎಷ್ಟು ಬಗೆ ಎಂದರೆ ಅವುಗಳ ದೋಷ ಎಣಿಸಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎಂಬ ಮಾತು ಅದರಲ್ಲಿದೆ. ಕನ್ನಡ ಒಂದೇ ಅಚ್ಚಿನದಲ್ಲ ಎಂಬ ಅರಿವು ನಮ್ಮ ಮೊದಲ ಲಕ್ಷಣಕಾರನಿಗೇ ಇತ್ತು.

10ನೆಯ ಶತಮಾನದ ಪಂಪ ತಾನು ಬಳಸಿದ್ದು ಪುಲಿಗೆರೆಯ ತಿರುಳ್ಗನ್ನಡವೆಂದು ಊರಿನ ಹೆಸರನ್ನೇ ಹೇಳಿದ. ಆ ಪುಲಿಗೆರೆಯೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಮುಳುಗುಂದದ ನಯಸೇನ 1112ರಲ್ಲಿ ಧರ್ಮಾಮೃತ ಬರೆದಾಗ, ಕನ್ನಡದೊಳಗೆ ಸಂಸ್ಕೃತವನ್ನು ಹದವಿಲ್ಲದೆ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಸೇರಿಸುವವರೆಂದು ಟೀಕಿಸಿದ.

11, 12ನೆಯ ಶತಮಾನಗಳ ವಚನಕಾರರಲ್ಲಿ ಈ ಹುಡುಕಾಟ ಜೀವನದ ಜೊತೆಗೇ ಬೆರೆಯಿತು. ದೋಣಿ ನಡೆಸುವ ಅಂಬಿಗರ ಚೌಡಯ್ಯನ ಮಾತು ಒಂದು ಬಗೆ, ನೇಯುವ ಜೇಡರ ದಾಸಿಮಯ್ಯನದು ಇನ್ನೊಂದು ಬಗೆ, ಆಯ್ದಕ್ಕಿ ಲಕ್ಕಮ್ಮನದು ಮತ್ತೊಂದು. ವಚನದ ಕೊನೆಯ ಅಂಕಿತ ಮುಚ್ಚಿದರೂ ಬಸವಣ್ಣನ ನೇರವಾದ ಮೊರೆಯನ್ನೂ ಅಲ್ಲಮನ ಬೆಡಗಿನ ಮಾತನ್ನೂ ಬೇರೆ ಮಾಡಿ ಹೇಳಬಹುದು. ಕಸುಬಿನ ಮಾತು, ಮನೆಯ ಮಾತು, ಬೀದಿಯ ಮಾತು ಗಹನವಾದ ವಿಚಾರವನ್ನು ಹೊರಬಲ್ಲವು ಎಂಬುದನ್ನು ಆ ಕಾಲವೇ ತೋರಿಸಿಕೊಟ್ಟಿದೆ.

ಒಂದೇ ಮನೆ, ಎರಡು ದನಿ

ದನಿ ಹುಟ್ಟಿನಿಂದ ಬರುತ್ತದೆ, ಮನೆತನದಿಂದ ಬರುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಕನ್ನಡದಲ್ಲಿ ಎರಡು ಒಳ್ಳೆಯ ನಿದರ್ಶನಗಳಿವೆ.

ಕುವೆಂಪು ಮತ್ತು ಪೂರ್ಣಚಂದ್ರ ತೇಜಸ್ವಿ ತಂದೆ ಮಗ. ಇಬ್ಬರ ಗದ್ಯಕ್ಕೂ ಮಲೆನಾಡೇ ನೆಲ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಪುಸ್ತಕದಲ್ಲಿ ಕಾಡು, ಬೆಟ್ಟ, ಬೇಟೆ, ಬಾಲ್ಯದ ನೆನಪುಗಳು ಕವಿಯ ಬೆರಗಿನೊಡನೆ ಬರುತ್ತವೆ. ವಾಕ್ಯ ಏರುತ್ತ ಹೋಗಿ ಸೌಂದರ್ಯದ ಎದುರು ತಲೆಬಾಗುತ್ತದೆ. ತೇಜಸ್ವಿಯವರ 1991ರ 'ಪರಿಸರದ ಕತೆ'ಗೆ ಬಂದರೆ ಅದೇ ಮಲೆನಾಡಿನಲ್ಲಿ ನಾಯಿ, ಮೀನು, ಹಂದಿ, ಅಕ್ಕಪಕ್ಕದ ಜನ, ಅವರ ಹುಂಬತನ, ಜಾಣತನ ಎಲ್ಲ ಸೇರಿ ಓಡಾಡುತ್ತವೆ. ಅವರ ವಾಕ್ಯಕ್ಕೆ ಕೆರಳಿದ ಕುತೂಹಲವೇ ಇಂಧನ. ಇದು ಹೀಗೇಕೆ ಎಂದು ಕೇಳುವುದು, ಕೈ ಹಾಕಿ ನೋಡುವುದು, ಆದದ್ದನ್ನು ಪಕ್ಕದವರಿಗೆ ಹೇಳಿದಂತೆ ಹೇಳುವುದು ಅವರ ರೀತಿ.

ಇನ್ನೊಂದು ಜೋಡಿ ಡಿ.ವಿ. ಗುಂಡಪ್ಪ ಮತ್ತು ಬಿ.ಜಿ.ಎಲ್. ಸ್ವಾಮಿ. 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಡಿ.ವಿ.ಜಿ. ತಾವು ಕಂಡ ಹಿರಿಯರನ್ನು, ಕಲಾವಿದರನ್ನು, ಸಾಮಾನ್ಯರನ್ನು ಗೌರವದ ಅಂತರದಲ್ಲಿ ನಿಲ್ಲಿಸಿ ಚಿತ್ರಿಸುತ್ತಾರೆ. ಸಂಸ್ಕೃತದ ಘನತೆಯೂ ಮನೆಮಾತಿನ ಸರಳತೆಯೂ ಅಲ್ಲಿ ಒಟ್ಟಿಗಿವೆ. ಮಗ ಸ್ವಾಮಿ ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ. ಸಸ್ಯಗಳ ಶಾಸ್ತ್ರೀಯ ವಿವರ, ಹುಡುಗರ ಕೀಟಲೆ, ಹಳಗನ್ನಡದ ನೆನಪು, ಸ್ವತಃ ಬರೆದ ಚಿತ್ರಗಳು, ಎಲ್ಲವೂ ಅದರಲ್ಲಿ ಒಂದರ ಪಕ್ಕ ಒಂದು ನಗುತ್ತ ಕುಳಿತಿವೆ. ಒಂದೇ ಮನೆಯ ಊಟ, ಒಂದೇ ಪುಸ್ತಕದ ಕಪಾಟು. ಬರಹ ಬೇರೆಯಾದದ್ದು ಇಬ್ಬರೂ ಬೇರೆ ಕೆಲಸದಲ್ಲಿ ಮುಳುಗಿದ್ದರಿಂದ, ಬೇರೆ ಜನರೊಡನೆ ದಿನ ಕಳೆದದ್ದರಿಂದ, ಬೇರೆ ಸಂಗತಿಗಳನ್ನು ಪ್ರೀತಿಸಿದ್ದರಿಂದ.

ದಾರಿ ಬದಲಿಸಿದ ತೇಜಸ್ವಿ

ದನಿ ಮೊದಲ ಪುಸ್ತಕದಲ್ಲೇ ಸಿಕ್ಕಿಬಿಡಬೇಕೆಂದೇನೂ ಇಲ್ಲ. ತೇಜಸ್ವಿಯವರು 1960ರ ದಶಕದಲ್ಲಿ ಬರೆದ 'ಸ್ವರೂಪ' ಆ ಕಾಲದ ನವ್ಯ ಸಾಹಿತ್ಯದ ಅಂತರ್ಮುಖಿ ಧಾಟಿಯಲ್ಲಿದೆ. ಅಂದು ಬುದ್ಧಿವಂತ ಯುವಕರು ಬರೆಯುತ್ತಿದ್ದ ರೀತಿಯೇ ಅದು. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನ ಬಂದಾಗ ಅವರು ಅದರ ಮುನ್ನುಡಿಯಲ್ಲಿ ನವ್ಯದ ದಾರಿ ತಮಗೆ ಸಾಲದೆಂದು ಬಹಿರಂಗವಾಗಿ ಹೇಳಿದರು. ಸಮಾಜವಾದಿ ನಾಯಕ ಲೋಹಿಯಾ ಅವರ ಚಿಂತನೆ, ಕುವೆಂಪು ಅವರ ಕಲಾಸೃಷ್ಟಿ, ಶಿವರಾಮ ಕಾರಂತರ ಜೀವನದೃಷ್ಟಿ ಮತ್ತು ಪ್ರಯೋಗಶೀಲತೆ ಮುಂದಿನ ಬರವಣಿಗೆಗೆ ಬಲವಾಗಬಲ್ಲವು ಎಂಬ ನಿಲುವು ಅಲ್ಲಿದೆ.

ಮುನ್ನುಡಿ ಬರೆದ ಮಾತ್ರಕ್ಕೆ ದನಿ ಬರಲಿಲ್ಲ. ಆ ಹೊತ್ತಿಗಾಗಲೇ ಅವರು ನಗರದ ನೌಕರಿಯ ದಾರಿ ಬಿಟ್ಟು ಮೂಡಿಗೆರೆಯ ಕಡೆ ಕಾಫಿ ತೋಟದಲ್ಲಿ ನೆಲೆಸಿದ್ದರು. ಕೂಲಿಯವರು, ಜೇನು ಹಿಡಿಯುವವರು, ಮೀನು ಹಿಡಿಯುವವರು, ಸರ್ಕಾರಿ ನೌಕರರು ಅವರ ದಿನದ ಒಡನಾಟಕ್ಕೆ ಬಂದರು. 1980ರ 'ಕರ್ವಾಲೊ'ದಲ್ಲಿ ತೋಟ ಮಾಡಿ ಸೋತು ಬೇಸತ್ತ ನಿರೂಪಕ, ವಿಜ್ಞಾನಿ ಕರ್ವಾಲೊ, ಜೇನಿನ ಮಂದಣ್ಣ ಮೂವರೂ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ವಿಜ್ಞಾನಿಗೂ ಹಳ್ಳಿಯ ಜೇನಿನವನಿಗೂ ಸಮಾನ ಗೌರವ ಕೊಡುವ ಆ ಧಾಟಿ ಪುಸ್ತಕ ಓದಿ ಕಲಿತದ್ದಲ್ಲ, ಬದುಕಿನಿಂದ ಬಂದದ್ದು. ಹೀಗೆ ಓದು, ನಿಲುವು, ದಿನದ ಬಾಳು ಮೂರೂ ಒಂದು ಕಡೆ ಸೇರಿದಾಗ ದನಿ ಗಟ್ಟಿಯಾಗುತ್ತದೆ. ಮೂರರಲ್ಲಿ ಒಂದು ಕಡಿಮೆಯಾದರೂ ಬರಹದಲ್ಲಿ ಅದು ಗೊತ್ತಾಗುತ್ತದೆ.

ಒಂದೇ ದೇಶ, ಇಬ್ಬರು ಪ್ರವಾಸಿಗರು

ವಸ್ತು ಹೊಸದಾದರೆ ದನಿಯೂ ಹೊಸದಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಹೊಸ ಹೋಟೆಲು, ಹೊಸ ಊರು, ಹೊಸ ವಿವಾದ ಹುಡುಕುತ್ತ ಹೋಗುತ್ತಾರೆ. ಅಮೆರಿಕವನ್ನು ಕುರಿತ ಎರಡು ಕನ್ನಡ ಪುಸ್ತಕಗಳು ಇದಕ್ಕೆ ಉತ್ತರ ಕೊಡುತ್ತವೆ.

ಹಾಸನ ಜಿಲ್ಲೆಯ ಹೇಮಾವತಿ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲಿ 'ಹಳ್ಳಿಯ ಚಿತ್ರಗಳು' ಪ್ರಕಟಿಸಿ ಹೆಸರಾದವರು. ವೃದ್ಧಾಪ್ಯದಲ್ಲಿ ಅವರು ಅಮೆರಿಕಕ್ಕೆ ಹೋಗಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಅಮೆರಿಕವನ್ನು ನೋಡುವುದು ಹೇಮಾವತಿಯ ದಡದ ಕಣ್ಣೇ. ಕಂಡದ್ದನ್ನೆಲ್ಲ ನಮ್ಮ ಊರು, ನಮ್ಮ ಜನರ ಪಕ್ಕ ಇಟ್ಟು ತೂಗುವ ಹಿರಿಯರೊಬ್ಬರ ಆತ್ಮೀಯ ಮಾತುಗಾರಿಕೆ ಅದು.

ಎ.ಎನ್. ಮೂರ್ತಿರಾಯರು ಅಕ್ಕಿಹೆಬ್ಬಾಳಿನವರು, ಇಂಗ್ಲಿಷ್ ಪ್ರಾಧ್ಯಾಪಕರು, 1937ರ 'ಹಗಲುಗನಸುಗಳು' ಸಂಕಲನದಿಂದ ಕನ್ನಡ ಲಲಿತ ಪ್ರಬಂಧಕ್ಕೆ ಹೊಸ ಹದ ತಂದವರು. ಅವರೂ ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋದರು, 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಅವರದು ತನ್ನೊಡನೆ ತಾನೇ ವಾದಿಸುವ, ತನ್ನ ಅಭಿಪ್ರಾಯವನ್ನೇ ಮತ್ತೆ ಅನುಮಾನಿಸುವ ಮೃದು ವೈಚಾರಿಕ ಗದ್ಯ. ಇಬ್ಬರೂ ಮುದುಕರು, ಇಬ್ಬರೂ ಹಳೆ ಮೈಸೂರಿನವರು, ನೋಡಿದ ದೇಶವೂ ಒಂದೇ. ಪುಸ್ತಕಗಳು ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಇಬ್ಬರೂ ಮನೆಯಲ್ಲೇ ತಯಾರು ಮಾಡಿಕೊಂಡಿದ್ದ ದನಿಯನ್ನು ಕಡಲಾಚೆಗೆ ಒಯ್ದಿದ್ದರು.

ಒಂದು ಕೆರೆ, ನಾಲ್ಕು ರೀತಿ

ದನಿಯ ವ್ಯತ್ಯಾಸ ಹೇಗಾಗುತ್ತದೆ ಎಂಬುದನ್ನು ಒಂದು ಸಣ್ಣ ಸಂಗತಿ ಇಟ್ಟುಕೊಂಡು ನೋಡೋಣ. ಊರಿನ ಕೆರೆಗೆ ಹೂಳು ತುಂಬಿದೆ. ಅದನ್ನು ಬರೆಯಬೇಕು. ಸಾಮಾನ್ಯವಾಗಿ ಮೊದಲು ಕೈಗೆ ಬರುವ ವಾಕ್ಯ ಹೀಗಿರುತ್ತದೆ:

"ಗ್ರಾಮದ ಕೆರೆಯು ಹೂಳಿನಿಂದ ತುಂಬಿದ್ದು, ನೀರಿನ ಸಂಗ್ರಹಣಾ ಸಾಮರ್ಥ್ಯವು ಗಣನೀಯವಾಗಿ ಕುಂಠಿತಗೊಂಡಿರುವುದು ಕಂಡುಬಂದಿದೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕಂಡವರು ಯಾರು? ಆ ಕೆರೆಯೊಂದಿಗೆ ಅವರಿಗೆ ಏನು ಸಂಬಂಧ? ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಇದನ್ನೇ ಇನ್ನೊಬ್ಬರು ಹೀಗೆ ಬರೆಯಬಹುದು:

"ನಮ್ಮ ಕೆರೆಯಲ್ಲಿ ಈಗ ಎಮ್ಮೆ ಇಳಿದರೆ ಹೊಟ್ಟೆ ನೆನೆಯುವುದಿಲ್ಲ. ನಮ್ಮಜ್ಜ ಈಜು ಕಲಿತ ಕೆರೆ ಇದು."

ಇಲ್ಲಿ 'ಸಂಗ್ರಹಣಾ ಸಾಮರ್ಥ್ಯ' ಎಮ್ಮೆಯ ಹೊಟ್ಟೆಯ ಅಳತೆಗೆ ಬಂತು. ಎರಡು ತಲೆಮಾರು ಎರಡು ವಾಕ್ಯದಲ್ಲಿ ಸೇರಿದವು. ದುಃಖದ ಪದ ಒಂದೂ ಇಲ್ಲದೆ ದುಃಖ ಬಂತು. ಮೂರನೆಯವರ ಮನಸ್ಸು ಕಾರಣ ಹುಡುಕುವಂಥದ್ದು ಎನ್ನಿ:

"ಕೆರೆ ಒಂದು ದಿನದಲ್ಲಿ ಹೂತುಹೋಗಲಿಲ್ಲ. ಮಳೆಗಾಲ ಬಂದಾಗಲೆಲ್ಲ ಮೇಲಿನ ಹೊಲದ ಮಣ್ಣು ಬಂತು. ಬೇಸಿಗೆ ಬಂದಾಗಲೆಲ್ಲ ನಾವು ನೋಡಿ ಸುಮ್ಮನಾದೆವು. ತೂಬು ಮುಚ್ಚಿದ ವರ್ಷವೂ ಒಬ್ಬರೂ ಗುದ್ದಲಿ ಹಿಡಿಯಲಿಲ್ಲ."

ವಾಕ್ಯಗಳು ಒಂದೇ ಅಳತೆಯವು, ಒಂದರ ಹಿಂದೆ ಒಂದು ಆರೋಪಪಟ್ಟಿಯಂತೆ ಬರುತ್ತವೆ. 'ನಾವು' ಎಂದದ್ದರಿಂದ ಬರೆದವರೂ ಹೊಣೆಗಾರರ ಸಾಲಿನಲ್ಲಿ ನಿಂತರು. ಇನ್ನು ಧಾರವಾಡದ ಕಡೆಯವರು ಮಾತಿನ ಧಾಟಿಯಲ್ಲೇ ಬರೆದರೆ:

"ಕೆರಿ ಅಂತ ಹೆಸರಷ್ಟ ಉಳದೈತಿ ನೋಡ್ರಿ. ನೀರ ಕೇಳಿದ್ರ ಹೂಳ ತೋರಸ್ತೈತಿ."

ಇಲ್ಲಿ ಎದುರಿಗೆ ಕೇಳುವವರೊಬ್ಬರಿದ್ದಾರೆ. 'ನೋಡ್ರಿ' ಎಂಬ ಕರೆ ಅವರನ್ನು ಕೆರೆಯ ಏರಿಗೆ ಕರೆತರುತ್ತದೆ. ಮೊದಲ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಉಳಿದ ಮೂರನ್ನು ಆ ಮೂವರೇ ಬರೆಯಬೇಕು. ಸ್ವಂತ ದನಿ ಎಂದು ನಾವು ಹುಡುಕುತ್ತಿರುವುದು ಈ ವ್ಯತ್ಯಾಸವನ್ನೇ.

ಕನ್ನಡ ವಾಕ್ಯ ಒದಗಿಸುವ ಅನುಕೂಲಗಳು

ಕನ್ನಡದಲ್ಲಿ ದನಿಗೆ ಎಡೆಮಾಡಿಕೊಡುವ ಹಲವು ಉಪಾಯಗಳು ಭಾಷೆಯ ರಚನೆಯಲ್ಲೇ ಇವೆ. ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ 'ನಾನು' ಎನ್ನದೆ ಪುಟಗಟ್ಟಲೆ ತನ್ನ ಕಥೆ ಹೇಳಬಹುದು. ಎಲ್ಲ ವಾಕ್ಯದಲ್ಲೂ 'ನಾನು' ಬಂದರೆ ಆತ್ಮೀಯ ಬರಹವೂ ಅಹಂಕಾರದಂತೆ ಕೇಳಿಸುತ್ತದೆ. ಅಪರೂಪಕ್ಕೆ ಬಂದ 'ನಾನು' ಬಲವಾಗಿ ನಿಲ್ಲುತ್ತದೆ.

'ಅವರು ಕೊಟ್ಟರು', 'ಅವರೇ ಕೊಟ್ಟರು', 'ಅವರೂ ಕೊಟ್ಟರು', 'ಅವರು ಕೊಟ್ಟರಂತೆ': ಒಂದು ಅಕ್ಷರ, ಒಂದು ಪ್ರತ್ಯಯ ಸೇರಿದಷ್ಟಕ್ಕೆ ನಂಬಿಕೆ, ಒತ್ತು, ಅಚ್ಚರಿ, ಅನುಮಾನ ಬದಲಾಗುತ್ತವೆ. 'ಅಂತೆ' ಎಲ್ಲಿ ಹಾಕಬೇಕು ಎಂದು ಬಲ್ಲ ಲೇಖಕರಿಗೆ 'ಇದು ಎಷ್ಟರ ಮಟ್ಟಿಗೆ ನಿಜವೋ' ಎಂಬ ವಾಕ್ಯವೇ ಬೇಡ.

'ಎದ್ದು, ಮುಖ ತೊಳೆದು, ಹಟ್ಟಿಗೆ ಹೋಗಿ, ಹಾಲು ಕರೆದು ಬಂದಳು' ಎಂಬಂಥ ಸರಣಿ ದುಡಿಮೆಯ ಬಿಡುವಿಲ್ಲದ ಓಟವನ್ನು ತಾನೇ ತೋರಿಸುತ್ತದೆ. ಅದನ್ನು ನಾಲ್ಕು ವಾಕ್ಯಕ್ಕೆ ಒಡೆದರೆ ಒಂದೊಂದು ಕೆಲಸದ ಭಾರ ಬೇರೆ ಬೇರೆಯಾಗಿ ಕಾಣುತ್ತದೆ. ಎರಡೂ ಸರಿ, ಯಾವಾಗ ಯಾವುದು ಎಂಬುದು ಬರೆಯುವವರ ತೀರ್ಮಾನ. 'ಅಪ್ಪ ಬಂದ' ಎನ್ನುವ ಮನೆಯೂ 'ಅಪ್ಪ ಬಂದರು' ಎನ್ನುವ ಮನೆಯೂ ಬೇರೆ ಬೇರೆ. ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆಯೇ ಬರೆದರೆ ಇಡೀ ಸಂಬಂಧ ಒಂದು ಕ್ರಿಯಾಪದದಲ್ಲಿ ಬಂದುಬಿಡುತ್ತದೆ.

ಊರಿನ ಕನ್ನಡ, ಪುಸ್ತಕದ ಕನ್ನಡ

ಶಾಲೆಯಲ್ಲಿ ಕಲಿತ ಶಿಷ್ಟ ಕನ್ನಡದಲ್ಲೇ ಬರೆಯಬೇಕೇ, ಊರಿನ ಮಾತನ್ನು ತರಬಹುದೇ ಎಂಬ ಹಿಂಜರಿಕೆ ಹಲವರಲ್ಲಿದೆ. ಕನ್ನಡ ಸಾಹಿತ್ಯ ಇದಕ್ಕೆ ಧೈರ್ಯದ ಉತ್ತರ ಕೊಟ್ಟಿದೆ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು 1984ರ 'ಕುಸುಮಬಾಲೆ'ಯಲ್ಲಿ ಆ ಸೀಮೆಯ ಆಡುಮಾತನ್ನು ಪಾತ್ರಗಳ ಬಾಯಿಗೆ ಮಾತ್ರ ಸೀಮಿತ ಮಾಡದೆ ನಿರೂಪಣೆಗೂ ತಂದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕುಂದಾಪುರ ಸೀಮೆಯ ಹೆಣ್ಣುಮಕ್ಕಳ ಮಾತಿನ ಸೂಕ್ಷ್ಮಗಳನ್ನು ವೈದೇಹಿ ಕಥೆಗಳಲ್ಲಿ ಕೇಳಿಸಿದರು. ಕಲಬುರಗಿ ಕಡೆಯ ಬದುಕನ್ನು ಅಲ್ಲಿಯ ಮಾತಿನಲ್ಲೇ ಬರೆದ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಅದೇ ಪ್ರಶಸ್ತಿ ಸಂದಿತು.

ಹಾಗೆಂದು ಆಡುಮಾತು ಬಳಸಿದ ಕೂಡಲೇ ದನಿ ಬಂದುಬಿಡುವುದಿಲ್ಲ. ನಗರದಲ್ಲಿ ಬೆಳೆದವರು ಹಳ್ಳಿಯ ಮಾತನ್ನು ಅಲಂಕಾರಕ್ಕೆ ತಂದರೆ ಆ ಭಾಷೆ ಆಡುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ದುಡಿಯುತ್ತ ಇಂಗ್ಲಿಷ್ ಬೆರೆತ ಕನ್ನಡ ಆಡುವವರ ನಿಜವಾದ ಭಾಷೆ ಅದೇ. ಅದನ್ನೂ ಪ್ರಾಮಾಣಿಕವಾಗಿ ಬರೆಯಬಹುದು. ಕಸುಬಿನ ಪದಗಳೂ ಹಾಗೆಯೇ. ನರ್ಸು, ಮೆಕ್ಯಾನಿಕ್ಕು, ಅಡಿಕೆ ಬೆಳೆಗಾರರು, ಶಿಕ್ಷಕರು ದಿನವೂ ಬಳಸುವ ಪದಗಳಲ್ಲಿ ಇನ್ನೂ ಬರಹಕ್ಕೆ ಬಾರದ ಕನ್ನಡ ಬೇಕಾದಷ್ಟಿದೆ. ಆ ಪದಗಳನ್ನು ಬಿಟ್ಟು 'ಸಾಹಿತ್ಯಿಕ' ಪದ ಹುಡುಕುವುದು ಕೈಯಲ್ಲಿದ್ದ ಆಸ್ತಿಯನ್ನು ಬಿಟ್ಟುಕೊಟ್ಟಂತೆ.

ವೇಷ ತೊಟ್ಟ ದನಿ

ಸ್ವಂತ ದನಿ ಎಂದರೆ ಸದಾ ತನ್ನದೇ ಕಥೆ ಹೇಳುವುದು ಎಂದೇನೂ ಅಲ್ಲ. ಕನ್ನಡ ಮೇಷ್ಟ್ರಾಗಿದ್ದ, ಪಂಡಿತರಾಗಿದ್ದ ಜಿ.ಪಿ. ರಾಜರತ್ನಂ ಹೆಂಡ ಕುಡಿಯುವ ರತ್ನನ ಬಾಯಲ್ಲಿ 'ರತ್ನನ ಪದಗಳು' ಹಾಡಿಸಿದರು. ಬೀchi ಎಂದೇ ಹೆಸರಾದ ಹಾಸ್ಯಲೇಖಕರಿಗೆ ತಿಂಮ ಸಿಕ್ಕ. ಲಂಕೇಶರು 'ನೀಲು' ಎಂಬ ಹೆಣ್ಣಿನ ಹೆಸರಲ್ಲಿ ಪುಟ್ಟ ಪದ್ಯಗಳನ್ನು ಬರೆದರು. ತಮ್ಮ ಹೆಸರಿನಲ್ಲಿ ಹೇಳಲಾಗದ ಮಾತು ಆ ಪಾತ್ರದ ಮೂಲಕ ಸರಾಗವಾಗಿ ಬಂತು. ಪಾತ್ರ ಬೇರೆಯಾದರೂ ಅದನ್ನು ಆರಿಸಿದ ಕಾಳಜಿ ಲೇಖಕರದೇ. ವೇಷಕ್ಕೆ ಬಲ ಬರುವುದು ಆ ಕಾಳಜಿ ನಿಜವಾದಾಗ.

ದನಿಯನ್ನು ಮುಚ್ಚುವ ಸಂಗತಿಗಳು

ಹಲವರಲ್ಲಿ ದನಿ ಈಗಾಗಲೇ ಇರುತ್ತದೆ, ಎರವಲು ಭಾಷೆ ಅದನ್ನು ಮುಚ್ಚಿರುತ್ತದೆ. ಮೊದಲನೆಯದು ಕಚೇರಿ ಕನ್ನಡ. 'ಮಾಡಲಾಯಿತು', 'ಕೈಗೊಳ್ಳಲಾಗಿದೆ', 'ಸದರಿ', 'ಈ ಕುರಿತಂತೆ' ಎಂಬವು ಮಾಡಿದವರನ್ನು ಮರೆಮಾಡುತ್ತವೆ. ಎರಡನೆಯದು ಇಂಗ್ಲಿಷಿನ ನೆರಳು. 'ಅವನು ಒಂದು ಒಳ್ಳೆಯ ಸ್ವಭಾವವನ್ನು ಹೊಂದಿದ್ದಾನೆ' ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. 'ಅವನದು ಒಳ್ಳೆಯ ಸ್ವಭಾವ' ಎಂದರೆ ಮುಗಿಯಿತು. ಮೂರನೆಯದು ಸವೆದ ಮಾತು. 'ಕಾಲನ ಗರ್ಭ', 'ಮುಗಿಲು ಮುಟ್ಟಿದ ಸಂಭ್ರಮ', 'ಹಚ್ಚಹಸಿರಿನ ಸಿರಿ' ಎಂದು ಬರೆದಾಗ ಬರೆದವರು ಏನನ್ನೂ ನೋಡಿರುವುದಿಲ್ಲ. ನಾಲ್ಕನೆಯದು ಮೆಚ್ಚುಗೆಯ ಆಸೆ. ಯಾವ ಬರಹಕ್ಕೆ ಹೆಚ್ಚು ಚಪ್ಪಾಳೆ ಬಂತೋ ಅದನ್ನೇ ಮತ್ತೆ ಮತ್ತೆ ಬರೆಯುವವರು ತಮ್ಮ ನಕಲನ್ನು ತಾವೇ ಮಾಡತೊಡಗುತ್ತಾರೆ. ಐದನೆಯದು ಎಲ್ಲ ವಿಷಯಕ್ಕೂ ಅಭಿಪ್ರಾಯ ಕೊಡುವ ಅವಸರ. ಗೊತ್ತಿಲ್ಲದ ವಿಷಯದಲ್ಲಿ ಎಲ್ಲರ ದನಿಯೂ ಒಂದೇ ಥರ ಕೇಳಿಸುತ್ತದೆ.

ಅನುಕರಣೆ ಎಷ್ಟು ಕಾಲ

ಹೊಸಬರು ಮೆಚ್ಚಿನ ಲೇಖಕರಂತೆ ಬರೆಯುವುದು ಸಹಜ, ಅಗತ್ಯವೂ ಹೌದು. ಸಂಗೀತದಲ್ಲಿ ಶಿಷ್ಯರು ಗುರುವಿನ ಬಾನಿಯನ್ನು ಹಾಡಿ ಹಾಡಿ ಆಮೇಲೆ ತಮ್ಮ ದಾರಿ ಹಿಡಿಯುತ್ತಾರೆ. ಬರವಣಿಗೆಯಲ್ಲಿ ಅಪಾಯವಿರುವುದು ಒಬ್ಬರನ್ನೇ ಓದುವುದರಲ್ಲಿ. ತೇಜಸ್ವಿಯವರನ್ನು ಮಾತ್ರ ಓದಿದವರ ಬರಹದಲ್ಲಿ ತೇಜಸ್ವಿಯೇ ಕೂತಿರುತ್ತಾರೆ. ತೇಜಸ್ವಿ, ಮೂರ್ತಿರಾಯರು, ವೈದೇಹಿ, ದೇವನೂರ, ವಚನಗಳು, ಜನಪದ ಕಥೆ ಎಲ್ಲವನ್ನೂ ಓದಿದವರಲ್ಲಿ ಒಂದು ಪ್ರಭಾವ ಇನ್ನೊಂದನ್ನು ಹದಕ್ಕೆ ತರುತ್ತದೆ. ಅನುಕರಿಸಬೇಕಾದದ್ದು ಪದಗಳನ್ನಲ್ಲ, ಕೆಲಸದ ರೀತಿಯನ್ನು: ಅವರು ಎಷ್ಟು ಹತ್ತಿರದಿಂದ ನೋಡಿದರು, ಎಲ್ಲಿ ನಿಲ್ಲಿಸಿದರು, ಓದುಗರನ್ನು ಎಷ್ಟು ನಂಬಿದರು ಎಂಬುದನ್ನು.

ಅಭ್ಯಾಸಕ್ಕೆ ಕೆಲವು ದಾರಿಗಳು

ಗಟ್ಟಿಯಾಗಿ ಓದಿ. ಬರೆದದ್ದನ್ನು ಬಾಯಿಬಿಟ್ಟು ಓದಿದಾಗ ನಾಲಗೆ ತೊಡರುವ ಕಡೆಯೆಲ್ಲ ಎರವಲು ಭಾಷೆ ಇರುವ ಸಂಭವ ಹೆಚ್ಚು. ಬಾನುಲಿಗೆ ಬರೆದು ಪಳಗಿದವರ ಗದ್ಯ ಕಿವಿಗೆ ಹಿತವಾಗಿರುವುದೂ ಇದೇ ಕಾರಣಕ್ಕೆ. ಕೇಳುವವರು ಹಿಂದಿನ ಪುಟಕ್ಕೆ ಹೋಗಲಾರರು ಎಂಬ ಎಚ್ಚರ ಅವರಿಗೆ ವಾಕ್ಯದ ಸ್ಪಷ್ಟತೆ ಕಲಿಸುತ್ತದೆ.

ಒಬ್ಬರಿಗೆ ಬರೆಯಿರಿ. 'ಓದುಗ ಬಳಗ'ಕ್ಕೆ ಬರೆಯುವಾಗ ಭಾಷಣ ನುಗ್ಗುತ್ತದೆ. ನಿಮ್ಮ ಅಕ್ಕನಿಗೆ, ಹಳೆಯ ಗೆಳೆಯನಿಗೆ ಹೇಳುತ್ತಿದ್ದೀರಿ ಎಂದುಕೊಂಡು ಬರೆದರೆ ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಾನೇ ತಿಳಿಯುತ್ತದೆ.

ಮೊದಲ ಪ್ಯಾರಾ ಅಳಿಸಿ ನೋಡಿ. ಅನೇಕ ಬರಹಗಳು ನಿಜವಾಗಿ ಆರಂಭವಾಗುವುದು ಎರಡನೆಯ ಪ್ಯಾರಾದಲ್ಲಿ. ಮೊದಲನೆಯದು ಬರೆಯುವವರು ಗಂಟಲು ಸರಿಪಡಿಸಿಕೊಂಡದ್ದು.

ಕಂಡ ವಿವರ ಬರೆದಿಡಿ. ಸಂತೆಯಲ್ಲಿ ಕೇಳಿದ ಮಾತು, ಬಸ್ಸಿನಲ್ಲಿ ಕಂಡ ಜಗಳ, ಅಜ್ಜಿ ಬಳಸಿದ ಗಾದೆ ಸಣ್ಣ ಪುಸ್ತಕಕ್ಕೆ ಸೇರಲಿ. ಭಾವನೆ ಎಲ್ಲರಿಗೂ ಒಂದೇ, ವಿವರ ಒಬ್ಬೊಬ್ಬರದು.

ನಿಯಮಿತವಾಗಿ ಬರೆಯಿರಿ. ಅಂಕಣ ಬರೆದವರ ದನಿ ಬೇಗ ಪಳಗಿದ್ದಕ್ಕೆ ವಾರವಾರದ ಗಡುವೂ ಕಾರಣ. ಹಾ.ಮಾ. ನಾಯಕರ ಅಂಕಣ ಬರಹಗಳ ಸಂಗ್ರಹ 'ಸಂಪ್ರತಿ' 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಲಂಕೇಶರು 1980ರಲ್ಲಿ ತಮ್ಮ ವಾರಪತ್ರಿಕೆ ಆರಂಭಿಸಿ 2000ದಲ್ಲಿ ತೀರಿಕೊಳ್ಳುವವರೆಗೂ 'ಟೀಕೆ ಟಿಪ್ಪಣಿ' ಬರೆದರು. ಅವರ ಚುರುಕಾದ, ಬಿಚ್ಚುಮನಸ್ಸಿನ ಗದ್ಯ ಆ ನಿರಂತರ ದುಡಿಮೆಯಲ್ಲೇ ಹರಿತವಾಯಿತು. ವಿಜ್ಞಾನ, ಪರಿಸರದಂಥ ವಿಷಯಕ್ಕೂ ಆತ್ಮೀಯ ದನಿ ಸಾಧ್ಯವೆಂಬುದಕ್ಕೆ ನಾಗೇಶ ಹೆಗಡೆಯವರ ಅಂಕಣಗಳು ಸಾಕ್ಷಿ.

ನಂಬುವ ಒಬ್ಬರಿಗೆ ತೋರಿಸಿ. 'ಇದು ನೀನು ಮಾತಾಡಿದ ಹಾಗಿಲ್ಲ' ಎಂದು ಹೇಳಬಲ್ಲ ಓದುಗರು ಹತ್ತು ಹೊಗಳಿಕೆಗಿಂತ ಹೆಚ್ಚು ಉಪಕಾರಿ.

ಬರೆಯುವವರಿಗೆ ಒಂದು ಮಾತು

ಸ್ವಂತ ದನಿಗಾಗಿ ವಿಚಿತ್ರವಾಗಿ ಬರೆಯಬೇಕಿಲ್ಲ. ಮೇಲೆ ಹೇಳಿದ ಲೇಖಕರಲ್ಲಿ ಯಾರೂ ಬೇರೆಯಾಗಿ ಕಾಣಬೇಕೆಂಬ ಆಸೆಯಿಂದ ಬೇರೆಯಾದವರಲ್ಲ. ತಮಗೆ ಮುಖ್ಯವೆನಿಸಿದ ಸಂಗತಿಯನ್ನು ಹತ್ತಿರದಿಂದ ನೋಡಿದರು, ತಾವು ಬದುಕುವ ಕನ್ನಡದಲ್ಲಿ ಬರೆದರು, ಬೇಡದ್ದನ್ನು ತೆಗೆದರು, ವರ್ಷಗಟ್ಟಲೆ ಬಿಡದೆ ಇದನ್ನೇ ಮಾಡಿದರು. ನಿಮ್ಮ ಊರಿನ ಕೆರೆಯನ್ನು, ನಿಮ್ಮ ಕಸುಬಿನ ಕಷ್ಟವನ್ನು, ನಿಮ್ಮ ಮನೆಯ ಹಿರಿಯರ ಮಾತನ್ನು ನಿಮ್ಮಷ್ಟು ಬಲ್ಲವರು ಬೇರೆ ಇಲ್ಲ. ಅದನ್ನು ನಿಮ್ಮ ಕನ್ನಡದಲ್ಲಿ ಬರೆಯಿರಿ, ಮತ್ತೆ ತಿದ್ದಿರಿ, ನಾಳೆಯೂ ಬರೆಯಿರಿ. ಕನ್ನಡ ಗದ್ಯ ಇಷ್ಟು ಶ್ರೀಮಂತವಾದದ್ದು ಹೀಗೆ ಬರೆದವರಿಂದಲೇ.